ಮುದ್ದೆ ಅಗಿದವನನ್ನು ಸೋಲಿಸಿದ ಮೇಲೆ

ಮುದ್ದೆಯನ್ನು ಅಗಿದು ತಿಂದ ಮನುಷ್ಯನೊಬ್ಬನ ಮೇಲೆ ನಾನು ಮೂರು ದಿನ ಯುದ್ಧ ಮಾಡಿದೆ. ಗೆದ್ದೆ ಕೂಡ.

ಯುದ್ಧ ನಡೆದದ್ದು ಫೋನಿನಲ್ಲಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯವರೆಲ್ಲ ಸೇರಿಕೊಂಡಿರುವ ಊಟ-ತಿಂಡಿಯ ಗ್ರೂಪಿನಲ್ಲಿ. ಅಲ್ಲಿ ನನ್ನ ಮುಖದ ಜಾಗದಲ್ಲಿ ಮಧುಗಿರಿ ಬೆಟ್ಟದ ಫೋಟೋ ಇದೆ, ಜೊತೆಗೊಂದು ಕಳ್ಳ ಹೆಸರು. (ಪೇಪರಿನಲ್ಲಿ ಬರೆಯೋನು ಅಂತ ಗೊತ್ತಾದರೆ ಮರ್ಯಾದೆಯಿಂದ ಜಗಳ ಆಡಬೇಕಾಗುತ್ತದಲ್ಲ!)

ಆವತ್ತು 'ಸೈಕಲ್ ಸವಾರ' ಅನ್ನುವವನೊಬ್ಬ ಫೋಟೋ ಹಾಕಿದ್ದ. ಹೋಟೆಲಿನ ಟೇಬಲ್ಲು, ಪಕ್ಕದಲ್ಲಿ ಹೆಲ್ಮೆಟ್ಟು, ತಟ್ಟೆಯಲ್ಲಿ ಮುದ್ದೆ, ಮುದ್ದೆಗೆ ಚುಚ್ಚಿದ ಚಮಚ. ಕೆಳಗೆ ಬರೆದಿದ್ದ: "ಶಿರಾದಿಂದ ಮದಲೂರು ಕೆರೆವರೆಗೆ ಸೈಕಲ್ ತುಳಿದು ವಾಪಸ್ ಬಂದೆ. ಚೂರು ಚೂರೇ ಮಾಡಿ, ಅಗಿದು ತಿಂದೆ. ಆಹಾ, ಏನು ರುಚಿ!"

ಅಗಿದು! ಅದೂ ಮುದ್ದೆಯನ್ನು! ನಮ್ಮಲ್ಲಿ ಮುದ್ದೆಯನ್ನು ಮುರಿದು, ಸಾರಿನಲ್ಲಿ ಹೊರಳಿಸಿ, ಗುಳುಕ್ ಅಂತ ನುಂಗಬೇಕು. ಹಲ್ಲಿಗೆ ತಾಗಿಸಿದರೆ ನಮ್ಮಜ್ಜಿ ತಲೆಗೆ ಮೊಟಕುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಮುದ್ದೆ ಅಗಿಯೋ ಗಿರಾಕಿ ನಮ್ಮ ಸೀಮೆಯೋನೇ ಅಲ್ಲ. ಚಮಚ ಬೇರೆ ಕೇಡು! ಹೆಲ್ಮೆಟ್ ಹಾಕ್ಕೊಂಡು ಹಂಗೇ ಬೆಂಗಳೂರು ಕಡೆ ತುಳಿಯಪ್ಪ" ಎಂದು ಬರೆದೆ. ಲೈಕುಗಳ ಸುರಿಮಳೆ. ಮುದ್ದೆಗೆ ಸಂಗಟಿ ಅನ್ನುವ ಪಾವಗಡದವರೊಬ್ಬರು "ಸಂಗಟೀನ ಚಮಚದಾಗೆ ತಿಂತಾರಾ? ಅಯ್ಯೋ ದೇವುಡಾ!" ಅಂದರು. ಇನ್ನೊಬ್ಬರು ಫೋಟೋಗೆ ಹಾರ ಅಂಟಿಸಿದರು.

ಅವನು ಬೈಯಲಿಲ್ಲ. "ಎಲ್ಲರ ಗಂಟಲೂ ಒಂದೇ ಥರ ಇರಲ್ಲ ಸಾರ್" ಅಂತಷ್ಟೇ ಬರೆದ.

ಅಲ್ಲಿಗಾದರೂ ಸುಮ್ಮನಿರಬೇಕಿತ್ತು. ಇದ್ದೆನಾ? "ಇದು ಗಂಟಲಿನ ವಿಷಯ ಅಲ್ಲ ಸ್ವಾಮಿ, ಸಂಸ್ಕೃತಿಯ ವಿಷಯ" ಅಂದೆ. ಪೇಟೆ ಬೀದಿಯಲ್ಲಿ ಬೈಕು ಕಡಿಮೆಯಾಗಿ ಸೈಕಲ್ ಜಾಸ್ತಿಯಾಗಲಿ ಅಂತ ಅವನು ಬರೆದರೆ, "ಹಾಲಿನೋನು ಹೆಲ್ಮೆಟ್ ಇಲ್ಲದೆ ತುಳೀತಾನೆ, ನಿಂದು ಬರೀ ಶೋಕಿ" ಅಂದೆ. ಮೂರನೇ ದಿನ ಅವನು ಗ್ರೂಪು ಬಿಟ್ಟುಹೋದ. ಆವತ್ತು ನಾನು ಒಂದು ಲೋಟ ಕಾಫಿ ಹೆಚ್ಚಿಗೇ ಕುಡಿದೆ, ಖುಷಿಗೆ.

ಕಳೆದ ವಾರ ಏನೋ ಕೆಲಸಕ್ಕೆ ಶಿರಾಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ರುದ್ರೇಶ ಸಿಕ್ಕಿದ. ಕಾಲೇಜಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವನು, ಆಮೇಲೆ ಎಷ್ಟೋ ವರ್ಷ ಭೇಟಿಯಿಲ್ಲ. ಇಳಿದುಹೋಗಿದ್ದ. ದನಿ ಗೊಗ್ಗರಾಗಿತ್ತು. "ಲೇ, ಊಟ ಮಾಡದೆ ಹೆಂಗ್ಲಾ ಹೋಗ್ತೀಯ? ನಡಿ ಮನೆಗೆ" ಅಂತ ಎಳೆದುಕೊಂಡು ಹೋದ.

ಅವನ ಹೆಂಡತಿ ಗಿರಿಜ ಬಿಸಿ ಮುದ್ದೆ, ಬಸ್ಸಾರು ಬಡಿಸಿದರು. ರುದ್ರೇಶನ ತಟ್ಟೆಗೆ ಒಂದು ಚಮಚವನ್ನೂ ಇಟ್ಟರು. ಅವನು ಮುದ್ದೆಯನ್ನು ಕಡಲೆಬೀಜದಷ್ಟು ಚೂರು ಮಾಡಿ, ಬಾಯಿಗಿಟ್ಟು, ಅಗಿಯತೊಡಗಿದ. ನನ್ನ ಕೈ ತಟ್ಟೆಯಲ್ಲೇ ನಿಂತಿತು.

"ಗಂಟಲು ಆಪರೇಷನ್ ಆಯ್ತಲ್ಲಣ್ಣ, ಐದು ತಿಂಗ್ಳು ಬರೀ ಗಂಜಿ" ಅಂದರು ಗಿರಿಜ. "ಬದುಕ್ತಾರೋ ಇಲ್ವೋ ಅಂತಿದ್ವಿ. ಸೈಕಲ್ ಶುರು ಮಾಡಿದ್ಮೇಲೆ ಒಸಿ ಚೇತರಿಸ್ಕಂಡ್ರು. ಮೊದಲ್ನೇ ಸಲ ಮುದ್ದೆ ಗಂಟಲಲ್ಲಿ ಇಳಿದ ದಿನ ಖುಷಿಗೆ ಫೋಟೋ ಹಾಕಿದ್ರು. ಅದ್ಯಾವನೋ ಹಾಳಾದೋನು, ಅವನ ಬಾಯಿಗೆ ಮಣ್ಣಾಕ, ಏನೇನೋ ಬರ್ದ. ಹೋಟ್ಲಲ್ಲೂ ಎಲ್ರೂ 'ಚಮಚದ ಸಾರ್' ಅಂತ ನಗೋಕೆ ಶುರು ಮಾಡಿದ್ರು. ಅವತ್ತಿಂದ ಸೈಕಲ್ ಮುಟ್ಟಿಲ್ಲ. ಹೊರಗೇ ಹೋಗಲ್ಲ ಅಂತಾರೆ, ಇವತ್ತು ಔಷಧಿ ತರಕ್ಕೆ ಅಂತ ನಾನೇ ದಬ್ಬಿ ಕಳಿಸ್ದೆ." ಹೇಳುತ್ತಲೇ ನನ್ನ ಮುದ್ದೆಗೆ ಇನ್ನೊಂದು ಸೌಟು ಸಾರು ಹಾಕಿದರು.

ಪಡಸಾಲೆಯ ಮೂಲೆಯಲ್ಲಿ ಸೈಕಲ್ಲಿತ್ತು. ಅದರ ಹ್ಯಾಂಡಲ್ಲಿನ ಮೇಲೆ ಟವೆಲ್ಲು ಒಣಗುತ್ತಿತ್ತು.

ಆವತ್ತು ನಾನು ನುಂಗಲಾರದೆ ಕೂತೆ. ನನ್ನ ಗಂಟಲಿಗೆ ಯಾವ ಆಪರೇಷನ್ನೂ ಆಗಿರಲಿಲ್ಲ. ನಾನೇ ಕಣೋ ಅವನು ಅನ್ನಬೇಕಿತ್ತು. ಅನ್ನಲಿಲ್ಲ. ಮೂರು ದಿನ ಊರಿಗೆಲ್ಲ ಕೇಳುವಂತೆ ಕೂಗಿದವನಿಗೆ ಒಂದು ಮಾತಿಗೆ ಧೈರ್ಯ ಬರಲಿಲ್ಲ. ಥೂ, ನನ್ನ ಜನ್ಮಕ್ಕೆ.

ಯಾರ ತಟ್ಟೆಯಲ್ಲಿ ಏನಿದೆ, ಯಾಕಿದೆ ಅಂತ ಕೇಳುವ ಸಂಸ್ಕೃತಿಯೂ ಒಂದಿತ್ತಲ್ಲ ನಮ್ಮಲ್ಲಿ? ಎದುರಿಗೆ ಕೂತಿದ್ದರೆ "ಯಾಕಪ್ಪಾ, ಮೈ ಸರಿಯಿಲ್ವಾ?" ಅಂತ ನಾನೇ ಕೇಳುತ್ತಿದ್ದೆ. ಫೋನಿನಲ್ಲಿ ಅದು ಯಾಕೆ ಬಾಯಿಗೆ ಬರಲಿಲ್ಲ?

ಹೊರಟಾಗ ರುದ್ರೇಶ ಬಾಗಿಲವರೆಗೂ ಬಂದ. "ಅವನು ಯಾವನಾದ್ರೂ ಆಗ್ಲಿ ಬುಡು ಕಣ್ಲಾ. ಆದ್ರೆ ನೀನು ಪೇಪರ್ನಾಗೆ ಬರೀತೀಯಲ್ಲ, ನಾನು ವಾರವಾರ ಓದ್ತೀನಿ. ಅಂಥೋರ ಬಗ್ಗೆ ಒಂದ್ಸಲ ಬರಿಯೋ" ಅಂದ.

ಬರೆದಿದ್ದೇನೆ ರುದ್ರೇಶ. ಅವನ ಹೆಸರು ಬೇಕಿದ್ದರೆ, ಈ ಅಂಕಣದ ನೆತ್ತಿಯ ಮೇಲೆ ನೋಡು.