ಬೇಳೆ ಹುಳಿಯ ಬಣ್ಣದ ಗೋಡೆ

ಟೆಕ್ಸಸ್‌ನ ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನ ಇಂದುಮತಿಯ ಮನೆಯಲ್ಲಿ ಗೋಡೆ ಇರುವುದು ಒಂದೇ. ಅದು ಒಲೆಯ ಪಕ್ಕ ಶುರುವಾಗಿ, ಊಟದ ಮೇಜನ್ನು ದಾಟಿ, ಟಿವಿಯನ್ನು ಹೊತ್ತುಕೊಂಡು, ಮೆಟ್ಟಿಲ ಜೊತೆ ತಾನೂ ಮಹಡಿ ಹತ್ತಿ, ಮಗಳು ದಿಯಾಳ ಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತದೆ. ನಡುವೆ ಒಂದು ಮೂಲೆಯಿಲ್ಲ, ಒಂದು ಬಾಗಿಲಿಲ್ಲ. ಮನೆ ಮಾರಿದವರು ಇದನ್ನು ‘ಓಪನ್’ ಎಂದು ಹೊಗಳಿದ್ದರು. ಇಂಥ ಮನೆಯಲ್ಲಿ ಸಾಸಿವೆ ಸಿಡಿದರೆ ಲಿವಿಂಗ್ ರೂಮಿನಲ್ಲೇ ಸಿಡಿದಂತೆ ಎಂದು ಅವರು ಹೇಳಿರಲಿಲ್ಲ. ಅವರು ಸಾಸಿವೆ ಸಿಡಿಸುವ ಜನವೂ ಅಲ್ಲ.

ಗೋಡೆಗೆ ಬಿಳಿ ಬಣ್ಣ. ಇಂದುಮತಿ ಒಂದು ಚಿಪ್ ಕಂಪನಿಯಲ್ಲಿ ಎಂಜಿನಿಯರ್. ಬೇರೆಯವರು ಮಾಡಿದ ತಪ್ಪನ್ನು ಹುಡುಕುವುದು ಅವಳ ಕೆಲಸ; ಹುಡುಕಿ ತೋರಿಸಿದ ಮೇಲೆ ತಪ್ಪು ಮಾಡಿದವನು ಅದನ್ನು ಸರಿಪಡಿಸುತ್ತಾನೆ. ಈ ಎರಡನೆಯ ಭಾಗ ಮನೆಯಲ್ಲಿ ಜಾರಿಗೆ ಬಂದಿರಲಿಲ್ಲ. ಊಟವಾದ ಮೇಲೆ ಅವಳು ಸ್ಪಂಜು, ಅಡುಗೆ ಸೋಡಾ ಹಿಡಿದು ಒಲೆಯ ಪಕ್ಕ ನಿಂತು ಹುಳಿಯ ಹನಿಗಳನ್ನು ಒರೆಸುತ್ತಿದ್ದಳು. ಎಷ್ಟು ಒರೆಸಿದರೂ ಅರಿಶಿನ ತನ್ನ ನೆರಳನ್ನು ಬಿಟ್ಟೇ ಹೋಗುತ್ತಿತ್ತು. ಒಲೆಯ ಮೇಲಿನ ಫ್ಯಾನು ಹೊಗೆಯನ್ನು ಒಳಗೆಳೆದುಕೊಂಡು, ತುಸು ಯೋಚಿಸಿ, ಅವಳ ಮುಖಕ್ಕೇ ವಾಪಸು ಊದುತ್ತಿತ್ತು.

ಅವಳ ಗಂಡ ಮೋಹನರಾಜ ಕೆಟ್ಟವನಲ್ಲ. ಡಿಶ್‌ವಾಷರ್ ತುಂಬುತ್ತಿದ್ದ, ಅಂದರೆ ಅವಳು ತುಂಬಿಟ್ಟದ್ದನ್ನು ಹೊರತೆಗೆದು ಇನ್ನೊಂದು ಬಗೆಯಲ್ಲಿ ಜೋಡಿಸುತ್ತಿದ್ದ. ಗೋಡೆಯ ಮೇಲಿನ ಹನಿಗಳು ಮಾತ್ರ ಅವನ ಕಣ್ಣಿಗೆ ಬಿದ್ದದ್ದೇ ಇಲ್ಲ.

ಪ್ಲೇನೋದ ಗೆಳೆಯ ನಂದಕುಮಾರನ ಗೃಹಪ್ರವೇಶಕ್ಕೆ ಹೋಗಿ ಬಂದ ಮೇಲೆ ಮೋಹನರಾಜನಿಗೆ ತನ್ನ ಬಿಳಿ ಹಳತಾಯಿತು ಅನ್ನಿಸಿತು. ಪೇಂಟ್ ಅಂಗಡಿಯಿಂದ ಬಣ್ಣದ ಚೀಟಿಗಳನ್ನು ತಂದು ಒಲೆಯ ಪಕ್ಕ ಅಂಟಿಸಿದ. ಎಲ್ಲವೂ ಬಿಳಿಯೇ. ಮೋಡ, ಹತ್ತಿ, ಮೊಟ್ಟೆಯ ಸಿಪ್ಪೆ, ಹಳೆಯ ದಂತ, ಹಿಮ ಬಿದ್ದ ಮರುದಿನದ ಬೆಳಗು. ಟೆಕ್ಸಸ್‌ನಲ್ಲಿ ಹಿಮ ಬಿದ್ದ ಮರುದಿನ ಬೆಳಿಗ್ಗೆ ಕರೆಂಟು ಇರುವುದಿಲ್ಲ, ಅದು ಬೇರೆ ಮಾತು.

“ಇದ್ರಲ್ಲಿ ಸ್ವಲ್ಪ ನೀಲಿ ಇದೆ ನೋಡು. ಇದು ವಾರ್ಮ್. ಇದು ನೋಡೋಕೆ ವಾರ್ಮ್, ಆದ್ರೆ ಒಳಗಡೆ ಕೋಲ್ಡ್,” ಎಂದ.

“ನಿಮ್ಮಕ್ಕನ ಥರ,” ಎಂದಳು ಇಂದುಮತಿ. “ಆ ಚೀಟಿಗಳ ಮಧ್ಯ ಒಂದು ಇದೆಯಲ್ಲ, ಅದೇನು ಹೇಳಿ?”

ಮೋಹನರಾಜ ಬಗ್ಗಿ ನೋಡಿದ. “ಯಾವುದು?”

“ಅದೇ, ಹಳದಿ. ನಿನ್ನೆ ಹುಳಿ.”

“ಓ, ಅದಾ? ಅದೇನ್ ಬಿಡು, ಒರೆಸಿದ್ರೆ ಹೋಗತ್ತೆ.”

ಯಾರು ಒರೆಸಿದರೆ ಎಂದು ಅವನು ಹೇಳಲಿಲ್ಲ. ಇಂದುಮತಿ ಕೈಯಲ್ಲಿದ್ದ ಸ್ಪಂಜನ್ನು ಸಿಂಕಿನೊಳಗೆ ಇಟ್ಟಳು.

“ರೀ, ಯಾವ ಬಣ್ಣನಾದ್ರೂ ಹೊಡೆಸಿ. ಆದ್ರೆ ಇನ್ಮೇಲೆ ಈ ಗೋಡೆ ನಾನು ಒರೆಸಲ್ಲ.”

ಮೋಹನರಾಜ ಇದನ್ನು ಆಫೀಸಿನಲ್ಲಿ ಎಲ್ಲವನ್ನೂ ತೆಗೆದುಕೊಳ್ಳುವಂತೆ ತೆಗೆದುಕೊಂಡ: ಒಂದು ಅಭಿಪ್ರಾಯ, ಚರ್ಚಿಸೋಣ. ಆಸ್ಟಿನ್ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಮತ ಕೇಳಿದ. ಒಲೆಯ ಮುಂದೆ ಎಂದೂ ನಿಂತಿರದವರೆಲ್ಲ ಒಕ್ಕೊರಲಿನಿಂದ ಬಿಳಿ ಎಂದರು. ಆದರೂ ಇಂದುಮತಿ ‘ಒರೆಸಲ್ಲ’ ಎಂಬ ಮಾತು ಬಿಡದ್ದರಿಂದ, ಅವಳ ಬಾಯಿ ಮುಚ್ಚಿಸಲು ದಾವಣಗೆರೆಯ ವಾಸ್ತು ಪಂಡಿತ ನೀಲಕಂಠಪ್ಪನವರಿಗೆ ವಿಡಿಯೋ ಕಾಲ್ ಮಾಡಿದ.

“ಗ್ವಾಡಿ ತೋರಸ್ರಿ,” ಎಂದರು ನೀಲಕಂಠಪ್ಪ.

ಮೋಹನರಾಜ ಫೋನು ಹಿಡಿದು ಒಲೆಯಿಂದ ಹೊರಟ. ಊಟದ ಮೇಜು ದಾಟಿದ, ಟಿವಿ ದಾಟಿದ, ಮೆಟ್ಟಿಲು ಹತ್ತತೊಡಗಿದ.

“ಇನ್ನೂ ಮುಗೀಲಿಲ್ಲೇನ್ರಿ?”

“ಇನ್ನೊಂದ್ ಸ್ವಲ್ಪ ಇದೆ, ಗುರುಗಳೇ.”

“ಇದು ಗ್ವಾಡಿ ಅಲ್ರಿ ಸಾಹೇಬ್ರ, ಹೆದ್ದಾರಿ.” ದಿಯಾಳ ಬಾಗಿಲು ಕಾಣಿಸಿದ ಮೇಲೆ ಅವರು ಕಣ್ಣು ಮುಚ್ಚಿ ಲೆಕ್ಕ ಹಾಕಿದರು. “ನೋಡ್ರಿ, ಒಲಿ ಅಂದ್ರ ಅಗ್ನಿ. ಅಗ್ನಿ ಬಾಜೂಕ ಬಿಳೇದು ಇಟ್ರ ಮನಿ ಒಡತಿಗೆ ಶಾಂತಿ ಇರೂದಿಲ್ಲ.”

“ಹೌದು ಗುರುಗಳೇ,” ಎಂದಳು ಕೆಳಗಿನಿಂದ ಇಂದುಮತಿ. ವಾಸ್ತುವಿನ ಮಾತಿಗೆ ಅವಳು ಹೂಂಗುಟ್ಟಿದ್ದು ಅದೇ ಮೊದಲು. “ಮತ್ತೆ ಯಾವ ಬಣ್ಣ?”

“ಪೂರಾ ಕೆಂಪಲ್ಲ, ಪೂರಾ ಹಳದಿನೂ ಅಲ್ಲ. ನಡುವಿಂದು. ಹೆಂಗ್ ಹೇಳ್ಲಿ...”

“ಬೇಳೆ ಹುಳಿ ಥರ?”

“ಹಾಂ, ಹಂಗ ತಿಳೀರಿ ತಂಗಿ.”

ಮರುದಿನ ಶನಿವಾರ. ಇಂದುಮತಿ ಬೆಳಿಗ್ಗೆಯೇ ಹುಳಿ ಮಾಡಿ, ಸ್ಟೀಲ್ ಡಬ್ಬಿಗೆ ತುಂಬಿಕೊಂಡು ಪೇಂಟ್ ಅಂಗಡಿಗೆ ಹೊರಟಳು. ತನ್ನ ಬಿಳಿಗಳನ್ನು ಜೇಬಿನಲ್ಲಿಟ್ಟುಕೊಂಡು ಮೋಹನರಾಜನೂ ಜೊತೆಗೆ ಬಂದ. ಏನು ಕೊಟ್ಟರೂ ಅದರ ಬಣ್ಣವನ್ನು ಅಳೆದು, ಅದೇ ಬಣ್ಣದ ಪೇಂಟ್ ಬೆರೆಸಿಕೊಡುವ ಯಂತ್ರ ಆ ಅಂಗಡಿಯಲ್ಲಿತ್ತು. ಯಂತ್ರದ ಹಿಂದಿದ್ದ ಡಾರ್ಲೀನ್ ಎಂಬ ಹೆಂಗಸು ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು.

“ಹನೀ, ಇದು ನಿನ್ನ ಊಟ.”

“ಅಲ್ಲ, ನನ್ನ ಗೋಡೆ,” ಎಂದಳು ಇಂದುಮತಿ.

ದಿಂಬಿನ ಚೀಲ, ಒಡೆದ ಟೈಲು, ಒಮ್ಮೆ ನಾಯಿಯ ಕೊರಳಪಟ್ಟಿಯನ್ನೂ ಅಳೆದಿದ್ದ ಡಾರ್ಲೀನ್ ವಿಚಲಿತಳಾಗಲಿಲ್ಲ. ಆದರೆ ಯಂತ್ರ ಒದ್ದೆಯದನ್ನು ಓದುವುದಿಲ್ಲ. ಹುಳಿಯನ್ನು ರಟ್ಟಿನ ಮೇಲೆ ಸವರಿ, ಹೇರ್ ಡ್ರೈಯರ್ ಹಿಡಿದು ಒಣಗಿಸಬೇಕು. ಗಾಳಿ ಶುರುವಾದದ್ದೇ ತಡ, ಇಂಗಿನ ಪರಿಮಳ ಬ್ರಷ್ಷುಗಳ ಸಾಲು ದಾಟಿ ಏಣಿಗಳ ವಿಭಾಗದವರೆಗೆ ಹೋಯಿತು. ಮರಗೆಲಸದ ಇಬ್ಬರು ಅದನ್ನು ಹಿಂಬಾಲಿಸಿ ಬಂದು ಸುಮ್ಮನೆ ನಿಂತರು. ಮೋಹನರಾಜ ತನ್ನ ಹೆಂಡತಿ ಯಾರೋ ಎಂಬಂತೆ ಡಬ್ಬಗಳ ಮೇಲಿನ ಬರಹ ಓದುತ್ತಿದ್ದ. ಆದರೆ ಡಾರ್ಲೀನ್ ಎರಡನೆಯ ಬಾರಿ ಕಡ್ಡಿ ಅದ್ದಿದಾಗ ಅವನಿಗೆ ತಡೆದುಕೊಳ್ಳಲಾಗಲಿಲ್ಲ.

“ನೋ ನೋ ಮೇಡಂ, ತಳದಿಂದ ಕಲಕಬೇಕು! ಮೇಲಿರೋದು ಬರೀ ತಿಳಿ.” ಅವನು ತಾನೇ ಕಡ್ಡಿ ತೆಗೆದುಕೊಂಡು ಕಲಕಿದ. “ಇಂದು, ಹುಳಿ ನಾಳೆ ಹೊತ್ತಿಗೆ ಗಾಢ ಆಗತ್ತೆ. ನಾಳೆ ಬಣ್ಣಕ್ಕೆ ಮ್ಯಾಚ್ ಮಾಡಿಸ್ಬೇಕು.”

“ಇವತ್ತಿನ ಹುಳಿಗೇ ಸಾಕು. ನಾಳೆಯದನ್ನ ನಾಳೆ ನೋಡೋಣ.”

ಯಂತ್ರ ಮಿನುಗಿತು. ಬಣ್ಣಕ್ಕೆ ಏನು ಹೆಸರು ಬರೆಯಲಿ ಎಂದು ಡಾರ್ಲೀನ್ ಕೇಳಿದಾಗ ಇಂದುಮತಿ ಬಾಯಿ ತೆರೆಯುವ ಮೊದಲೇ ಮೋಹನರಾಜ “ಮೈಸೂರ್ ಸನ್‌ಸೆಟ್” ಎಂದ. ಸಂಜೆ ಗುಂಪಿನಲ್ಲಿ ಅದರ ಫೋಟೋ ಹಾಕಿ, ತಾನು ಬಹಳ ದಿನದಿಂದ ಯೋಚಿಸುತ್ತಿದ್ದ ಕಾನ್ಸೆಪ್ಟ್ ಎಂದು ಬರೆದ. ಹೊಗಳಿಕೆ ಸುರಿಯಿತು.

ಬಣ್ಣ ಹೊಡೆಸುವಾಗ, ಗೋಡೆಗೆ ಮೂಲೆಯಿಲ್ಲದ್ದರಿಂದ ಹುಳಿಯನ್ನು ಎಲ್ಲೂ ನಿಲ್ಲಿಸಲಾಗಲಿಲ್ಲ. ಅದು ಮೆಟ್ಟಿಲು ಹತ್ತಿತು. “ಅಮ್ಮಾ, ಐ ಲಿವ್ ಇನ್ಸೈಡ್ ಸಾಂಬಾರ್,” ಎಂದು ದಿಯಾ ಬಾಗಿಲು ಹಾಕಿಕೊಂಡಳು.

ಬಣ್ಣ ಒಣಗಿದ ಮೇಲೆ ಮೊದಲ ಸಲ ಹುಳಿ ಕುದಿದು ಒಗ್ಗರಣೆ ಬಿದ್ದಾಗ ಹನಿಗಳು ಗೋಡೆಗೆ ಸಿಡಿದು ಅಲ್ಲೇ ಕರಗಿಹೋದವು. ಇಂದುಮತಿ ಊಟವಾದ ಮೇಲೆ ಬಂದು ಸೋಫಾದಲ್ಲಿ ಕೂತಳು. ಆ ಸೋಫಾದ ಕೆಳಗಿನಿಂದ ಕಾಲು ಚಾಚುವ ಹಲಗೆ ಹೊರಬರುತ್ತದೆ ಎಂದು ಅವಳಿಗೆ ಗೊತ್ತಾದದ್ದು ಆವತ್ತೇ.

ಮರುದಿನಕ್ಕೆ ಹನಿಗಳು ಒಣಗಿ ಗಾಢವಾದವು. ಸುತ್ತ ಎಣ್ಣೆಯ ಉಂಗುರ ಮೂಡಿತು. ಇಂದುಮತಿಗೆ ಅದು ಕಂಡಿತು. ಅವಳು ಏಳಲಿಲ್ಲ.

“ಇಂದು! ಇಲ್ಲಿ ನನ್ನ ಶೇಡ್ ಹಾಳಾಗಿದೆ!” ಮೋಹನರಾಜ ಹೆಂಡತಿಯ ಕಡೆ ನೋಡಿದ, ಸಿಂಕಿನ ಕಡೆ ನೋಡಿದ. ಕಾದ. ಆಮೇಲೆ ತಾನೇ ಸ್ಪಂಜು ಹಿಡಿದ. ಒರೆಸುವುದರಲ್ಲೂ ಒಂದು ಹದ ಇರುತ್ತದೆ ಎಂದು ಅವನಿಗೆ ಯಾರು ಹೇಳಿದ್ದರು? ಉಜ್ಜಿದ ರಭಸಕ್ಕೆ ಮೈಸೂರಿನ ಸೂರ್ಯಾಸ್ತ ಕಿತ್ತು ಒಳಗಿನ ಬಿಳಿ ಇಣುಕಿತು. ಉಳಿದ ಪೇಂಟ್ ತಂದು ತೇಪೆ ಹಾಕಿದ. ತೇಪೆ ಬೇರೆಯೇ ಕಾಣಿಸಿತು.

ಒಂದು ವಾರ ಈ ಸೇವೆ ಮಾಡಿ ಸೊರಗಿದ ಮೇಲೆ ಕೇಳಿದ: “ಒಗ್ಗರಣೆ ಇಲ್ದೆ ಹುಳಿ ಮಾಡಕ್ಕಾಗಲ್ವಾ?”

“ಆಗತ್ತೆ. ಅದಕ್ಕೆ ಬೇಯಿಸಿದ ಬೇಳೆ ಅಂತಾರೆ.”

“ಇಲ್ಲಾಂದ್ರೆ ಹೊರಗಡೆ ಹಾಕಬಹುದಲ್ಲ? ಪ್ಯಾಟಿಯೋದಲ್ಲಿ?”

“ಹಾಕಿ, ನಿಮಗೆ ಯಾರು ಬೇಡ ಅಂದ್ರು?” ಎಂದು ಇಂದುಮತಿ ಒಗ್ಗರಣೆ ಸೌಟು ಅವನ ಕೈಗೆ ಕೊಟ್ಟಳು.

ಹಾಗೆ ಆಗಸ್ಟಿನ ಸುಡು ಬಿಸಿಲಲ್ಲಿ, ಹಿತ್ತಲಿನ ಬಾರ್ಬೆಕ್ಯೂ ಗ್ರಿಲ್ಲಿನ ಮುಂದೆ ಏಪ್ರನ್ ಕಟ್ಟಿಕೊಂಡು ಮೋಹನರಾಜ ನಿಂತ. ಬೇಲಿಯಾಚೆ ಪಕ್ಕದ ಮನೆಯವನು ಏನು ಸುಡುತ್ತಿದ್ದೀಯ ಎಂದು ಕೇಳಿದ. ಸಾಸಿವೆ ಎಂದ ಮೋಹನರಾಜ. ನಿಧಾನದ ಉರಿಯಲ್ಲೋ ಎಂದ, ಮಾಂಸವನ್ನು ಗಂಟೆಗಟ್ಟಲೆ ಸುಡುವ ಅವನು. “ಇಲ್ಲ, ಬಹಳ ಬೇಗ ಆಗಬೇಕು,” ಎನ್ನುತ್ತಾ ಮೋಹನರಾಜ ಚಟಪಟ ಸಿಡಿಯುವ ಸೌಟನ್ನು ಎತ್ತಿ ಹಿಡಿದು ಒಳಗೆ ಓಡಿದ. ಟೆಕ್ಸಸ್‌ನಲ್ಲಿ ಗಂಡಸು ಮನೆಯ ಹೊರಗೆ ಬೆಂಕಿಯ ಮುಂದೆ ನಿಂತರೆ ಅದನ್ನು ಅಡುಗೆ ಎನ್ನುವುದಿಲ್ಲ. ಪಕ್ಕದ ಮನೆಯವನು ಗೌರವದಿಂದ ಟೋಪಿ ಮುಟ್ಟಿಕೊಂಡ.

ಗೆಳತಿ ಹರ್ಷಿಣಿ ಫ್ಲೂಗರ್‌ವಿಲ್‌ನಿಂದ ಫೋನ್ ಮಾಡಿದಳು. “ಮೋಹನ್ ಅಡುಗೆ ಮಾಡ್ತಾರಂತೆ! ಎಷ್ಟು ಪುಣ್ಯ ಮಾಡಿದ್ಯೇ ನೀನು.”

ಇಷ್ಟು ವರ್ಷಗಳಲ್ಲಿ ಮೋಹನರಾಜನ ಪುಣ್ಯವನ್ನು ಯಾರೂ ಫೋನ್ ಮಾಡಿ ಹೇಳಿರಲಿಲ್ಲ. “ಹೂಂ ಕಣೆ,” ಎಂದು ಇಂದುಮತಿ ಫೋನಿಟ್ಟಳು. ಅವನು ಆಗಲೇ ಇನ್ನೊಂದು ಸೌಟು ಒಗ್ಗರಣೆಗೆ ಮತ್ತೆ ಹೊರಗೆ ಹೋಗಿದ್ದ. ಅವಳು ಗಾಜಿನ ಬಾಗಿಲನ್ನು ನಾಲ್ಕು ಬೆರಳಗಲ ಸರಿಸಿದಳು.

“ರೀ, ಎಣ್ಣೆ ಕಾದಿದೆಯಲ್ಲ, ಹಾಗೇ ನಾಲ್ಕು ಹಪ್ಪಳನೂ ಕರಿದ್ಬಿಡಿ,” ಎಂದು ಹೇಳಿ, ಎಸಿಯ ತಂಪು ಹೊರಗೆ ಹೋಗದಂತೆ ಬಾಗಿಲು ಮುಚ್ಚಿದಳು.