ಪುಸ್ತಕಗಳಿಗೆ ಇಟ್ಟ ಗೋದಾಮಿನ ಗುಳಿಗೆ

ನಿಪ್ಪಾಣಿಯಲ್ಲಿ ಓದಲೆಂದು ನನ್ನ ಕೈಗೆ ಬಂದ ಮೊದಲ ಪುಸ್ತಕವನ್ನು ತೆರೆದೊಡನೆ ಮೂಗಿಗೆ ಘಾಟು ಹತ್ತಿ ಸೀನತೊಡಗಿದೆ. ಹಾಳೆಗಳ ನಡುವೆ ಒಣಗಿದ ತಂಬಾಕಿನ ಎಲೆಯಿತ್ತು.

"ಒರಲಿ ಹತ್ತಬಾರದಂತ ಇಟ್ಟೇವ್ರಿ ಬಾಯಿ. ಓದ್ರಿ, ಸೇದಬ್ಯಾಡ್ರಿ ಮತ್ತ!" ಎಂದು ಮನೆಯೊಡತಿ ಅಕ್ಕಾತಾಯಿ ನಕ್ಕರು.

ಒರಲಿ ಎಂದರೆ ನಮ್ಮ ಗೆದ್ದಲು; ಬಾಯಿ ಎಂದರೆ ನಮ್ಮ 'ಅಮ್ಮಾವ್ರೇ'. ಕೊಳ್ಳೇಗಾಲದಲ್ಲಿ ನಾವು ಪುಸ್ತಕದೊಳಗೆ ಬೇವಿನೆಲೆ ಇಡುತ್ತೇವೆ.

ಬ್ಯಾಂಕಿನ ನೌಕರಿಗೆ ಬಂದ ನನಗೆ ಅವರ ಹಿತ್ತಲಿನ ಕೋಣೆ ಬಾಡಿಗೆಗೆ ಸಿಕ್ಕಿತ್ತು. ಅಂಗಡಿಯವರು ಮರಾಠಿಯಲ್ಲಿ ಕೇಳುತ್ತಿದ್ದರು, ನನ್ನ ಕನ್ನಡ ಕೇಳಿ ನಗುತ್ತಿದ್ದರು. ಜೋಳದ ರೊಟ್ಟಿ ಬೇಗ ರೂಢಿಯಾಯಿತು, ಒಂಟಿತನ ಆಗಲಿಲ್ಲ. ಅದನ್ನು ನೀಗಿಸಿದ್ದು ಅಕ್ಕಾತಾಯಿಯವರ ಓದುಗರ ಬಳಗ. ನಿಪ್ಪಾಣಿ, ಬೋರಗಾಂವ, ಚಿಕ್ಕೋಡಿಯ ಕೆಲವು ಮನೆಯವರು ತಮ್ಮ ಕಪಾಟಿನ ಕನ್ನಡ, ಮರಾಠಿ ಪುಸ್ತಕಗಳನ್ನು ಹಂಚಿಕೊಂಡು ಓದುತ್ತಿದ್ದರು. ನಮ್ಮ ಕಡೆ ಪುಸ್ತಕ ಕೊಟ್ಟವರು ಅದು ವಾಪಸ್ ಬರುವವರೆಗೆ ಚಡಪಡಿಸುತ್ತಾರೆ. ಇಲ್ಲಿ ಬೇಗ ತಂದುಕೊಟ್ಟರೆ, "ಓದಿದ್ರೋ, ಬರೇ ಚಿತ್ರಾ ನೋಡಿದ್ರೋ?" ಎಂದು ಚುಚ್ಚುತ್ತಿದ್ದರು. ಊರಿನಿಂದ ತಂದ ನನ್ನ ಪುಸ್ತಕಗಳೂ ಮನೆಯಿಂದ ಮನೆಗೆ ಹೊರಟವು.

ಮಳೆಗಾಲ ಹಿಡಿದರೆ ಎಲ್ಲರ ಪುಸ್ತಕಗಳೂ ಅಕ್ಕಾತಾಯಿಯವರ ಮುಂಗೋಣೆಗೆ ಬರುತ್ತಿದ್ದವು; ಅದು ಸೋರುತ್ತಿರಲಿಲ್ಲ. ಆ ವರ್ಷ ಒರಲಿ ತಂಬಾಕಿಗೂ ಬಗ್ಗಲಿಲ್ಲ. ಅಕ್ಕಾತಾಯಿಯವರ ಪತಿ ಬಾಪು ಅಣ್ಣಾ ಆಯುಷ್ಯವನ್ನೆಲ್ಲ ತಂಬಾಕಿನ ಗೋದಾಮಿನಲ್ಲಿ ದುಡಿದವರು. ಅಲ್ಲಿ ಹುಳ ಕೊಲ್ಲಲು ವಿಷದ ಗುಳಿಗೆ ಇಟ್ಟು, ಬಾಗಿಲು ಮುಚ್ಚಿ, ಸಂದಿಗಳಿಗೆಲ್ಲ ಕಾಗದ ಅಂಟಿಸುತ್ತಾರೆ. ಗುಳಿಗೆಯಿಂದ ವಿಷಗಾಳಿ ಏಳುತ್ತದೆ. ಒಂದು ಭಾನುವಾರ ಅವರು ಮುಂಗೋಣೆಯಲ್ಲೂ ಹಾಗೆಯೇ ಮಾಡಿದರು. ಆದರೆ ಗೋದಾಮಿನ ಮಗ್ಗುಲಲ್ಲಿ ಯಾರೂ ವಾಸವಿರುವುದಿಲ್ಲ. ಈ ಮನೆಯ ನಡುಗೋಡೆ ಹಂಚಿನವರೆಗೆ ಏರಿರಲಿಲ್ಲ, ಗೋಡೆಯಾಚೆ ಅಡುಗೆಮನೆ.

ಮಧ್ಯಾಹ್ನ ನಾನೂ ಅಕ್ಕಾತಾಯಿಯವರೂ ಅಡುಗೆಮನೆಯಲ್ಲಿ ಅದೇ ಗೋಡೆಗೆ ಒರಗಿ ಓದುತ್ತಿದ್ದೆವು. ಕೊಳೆತ ಮೀನಿನಂಥ ವಾಸನೆ ಬಂತು.

"ಏನ್ರಿ ಇದು, ಹಿಂಗ ನಾರಾಕತ್ತೈತಿ?" ಎಂದು ಅಕ್ಕಾತಾಯಿ ಕೂಗಿದರು.

"ಗೋದಾಮಿನ್ಯಾಗೂ ಹಿಂಗ ನಾರ್ತಿತ್ತ. ಹುಳಾ ಸಾಯಾಕತ್ತಾವ, ನಿನಗೇನ ಆಗೂದಿಲ್ಲ," ಅಂಗಳದಿಂದ ಬಾಪು ಅಣ್ಣಾ ಅಂದರು.

"ಹುಳಕಿಂತಾ ಮೊದಲ ನಾನ ಹೋಗ್ತೇನಿ ನೋಡ್ರಿ!" ಎಂದು ಅಕ್ಕಾತಾಯಿ ನಕ್ಕು ಹಾಳೆ ತಿರುವಿದರು.

ನನಗೆ ತಲೆ ಸಿಡಿಯುತ್ತಿತ್ತು. ಮಾತ್ರೆ ತರಲು ಹೊರಗೆ ಹೋದೆ. ಬರುವಷ್ಟರಲ್ಲಿ ಅವರು ವಾಂತಿ ಮಾಡಿಕೊಂಡು ಉಸಿರಿಗೆ ಒದ್ದಾಡುತ್ತಿದ್ದರು. ನಾನೂ ಬಾಪು ಅಣ್ಣಾನೂ ಅವರನ್ನು ಹೊತ್ತು ರಿಕ್ಷಾಕ್ಕೆ ಹಾಕಿದೆವು. ದಾರಿಯುದ್ದಕ್ಕೂ ನನ್ನ ಕೈಯೊಳಗೆ ಅವರ ಕೈ ತಣ್ಣಗಾಗುತ್ತಾ ಹೋಯಿತು. ಗುಳಿಗೆ ಯಾವುದೆಂದು ಕೇಳಿ ತಿಳಿದ ಡಾಕ್ಟರು, "ಇದಕ್ಕ ಎದುರು ಔಷಧ ಇಲ್ರಿ," ಎಂದರು. ಮರುದಿನ ಅಕ್ಕಾತಾಯಿ ಹೋದರು.

ಔಷಧದ ಅಂಗಡಿಯ ದಾರಿಯನ್ನು ಈಗಲೂ ಮನಸ್ಸಿನಲ್ಲಿ ನಡೆಯುತ್ತೇನೆ. ಒಮ್ಮೊಮ್ಮೆ ಅವರ ರಟ್ಟೆ ಹಿಡಿದು ಎಬ್ಬಿಸಿ, ಜೊತೆಗೇ ಕರೆದೊಯ್ಯುತ್ತೇನೆ. ಬಾಗಿಲು ದಾಟುವಾಗ ನೋಡಿದರೆ ನಾನೊಬ್ಬಳೇ ಇರುತ್ತೇನೆ.

ಒರಲಿ ಸತ್ತಿತ್ತು, ಪುಸ್ತಕಗಳು ಉಳಿದವು. ಒಯ್ಯಲು ಯಾರೂ ಬರಲಿಲ್ಲ. ಬಳಗದ ಮಾಸ್ತರರೊಬ್ಬರು ಬೋರಗಾಂವದಿಂದ ಬಂದು ಹೊಸ್ತಿಲಲ್ಲೇ ನಿಂತು, "ನಮ್ಮವು ಇಲ್ಲೇ ಇರ್ಲಿ ಅಣ್ಣಾ," ಎಂದು ತಿರುಗಿಹೋದರು.

ಆ ಮನೆಯಲ್ಲಿ ಇನ್ನೂ ಯಾಕಿದ್ದೀಯ, ವರ್ಗ ಮಾಡಿಸಿಕೊಂಡು ಬಾ ಎಂದು ನೀವು ಊರಿನವರೆಲ್ಲ ಹೇಳುತ್ತೀರಿ. ರಜೆಯಲ್ಲಿ ಬಂದಾಗ ಆ ವಾಸನೆ ಎಂಥದ್ದೆಂದು ಹೇಳಲು ಹೊರಟೆ, ನಿಮಗ್ಯಾರಿಗೂ ತಿಳಿಯಲಿಲ್ಲ. ಇಲ್ಲಿ ತಿಳಿಯದವರಿಲ್ಲ, ಆದರೆ ಯಾರೂ ಬಾಯಿ ಬಿಡುವುದಿಲ್ಲ. ಬಾಪು ಅಣ್ಣಾ ಮಾತ್ರ ದಿನಾ ಬೆಳಿಗ್ಗೆ ನನ್ನ ಬಾಗಿಲು ತಟ್ಟಿ, "ಎದ್ದೀರೇನ್ರಿ ಬಾಯಿ?" ಎಂದು ಕೇಳುತ್ತಾರೆ. ಉತ್ತರ ಬರುವತನಕ ಕದಲುವುದಿಲ್ಲ.

ರಜೆಯ ಕೊನೆಯ ದಿನ ಅಮ್ಮ ಬಾಗಿಲು ತಟ್ಟಿ, "ಎದ್ಯೇನವ್ವಾ?" ಎಂದಳು. ನಿದ್ದೆಗಣ್ಣಲ್ಲೇ ಗಾಬರಿಯಿಂದ ಕೂಗಿದೆ: "ಎದ್ದೇನ್ರಿ ಅಣ್ಣಾ, ಜೀವಂತ ಇದ್ದೇನ್ರಿ!"

ಅಮ್ಮ ಬಾಗಿಲು ತಳ್ಳಿಕೊಂಡು ಬಂದು ನನ್ನ ರಟ್ಟೆ ಹಿಡಿದಳು.