ನಲ್ಲಿಗೆ ಸಿಕ್ಕ ಹೊಗಳಿಕೆ

ನಾನು ಕೆಲಸ ಮಾಡುವ ಕಚೇರಿ ಈ ಕೊಲ್ಲಿ ದೇಶದ ಜುಮೇರಾ ಲೇಕ್ ಟವರ್ಸ್‌ನಲ್ಲಿದೆ. ಯುರೋಪಿನಿಂದ ಬಚ್ಚಲುಮನೆಯ ಸಾಮಾನು ತರಿಸಿ ಇಲ್ಲಿನ ಹೋಟೆಲುಗಳಿಗೆ ಮಾರುವ ವ್ಯವಹಾರ. ಜರ್ಮನಿ, ಇಟಲಿ, ಫ್ರಾನ್ಸ್‌ಗಳಿಂದ ಬರುವ ಕ್ಯಾಟಲಾಗುಗಳನ್ನು ಈ ಊರಿಗೆ ಒಪ್ಪುವ ಹಾಗೆ ತಿದ್ದಿಸುವುದು ನನ್ನ ಪಾಲಿನ ಕೆಲಸ. ಆ ಭಾಷೆಗಳಲ್ಲಿ ಒಂದಕ್ಷರವೂ ನನಗೆ ಬಾರದು. ಆದರೂ ಯಾವ ಪುಟ ತೆರೆದರೂ ಒಂದು ಪದದ ಗುರುತು ಸಿಗುತ್ತದೆ: ಸೆಕ್ಸಿ. ಇಂಗ್ಲಿಷಿನ ಆ ಪದ ವೀಸಾ ಪಾಸ್‌ಪೋರ್ಟ್ ಏನೂ ಇಲ್ಲದೆ ಅವರ ಎಲ್ಲ ಭಾಷೆಗಳಿಗೂ ನುಗ್ಗಿ ಅಲ್ಲೇ ಬೀಡುಬಿಟ್ಟಿದೆ. ನಲ್ಲಿ ಸೆಕ್ಸಿ, ಶವರ್ ಸೆಕ್ಸಿ, ಟವೆಲು ನೇತುಹಾಕುವ ಕಂಬಿಯೂ ಸೆಕ್ಸಿ. ಇಲ್ಲಿನ ಗಿರಾಕಿಗಳ ಮುಂದೆ ಹಾಗೆಲ್ಲ ಇಡುವಂತಿಲ್ಲ. ನಾನು ಕಂಡಲ್ಲೆಲ್ಲ ಹೊಡೆದುಹಾಕಿ 'ಸೊಗಸಾದ' ಎಂಬ ಅರ್ಥದ ಪದ ಹಾಕಿಸುತ್ತೇನೆ. ಹಾಗೆ ಹೊಡೆದುಹಾಕುವಾಗ ನನಗೆ ಒಳಗೊಳಗೇ ಖುಷಿ. ಒಂದು ನಲ್ಲಿಗೆ ಇಷ್ಟೊಂದು ಕೊಂಡಾಟವೇ?

ಪಕ್ಕದ ಮೇಜಿನವಳು ಇಟಲಿಯವಳು. ಒಳ್ಳೆಯ ಹೆಂಗಸು, ಬಾಯಿಗೆ ಮಾತ್ರ ಬಾಗಿಲಿಲ್ಲ. ಅಮ್ಮನ ಹತ್ತಿರ ಫೋನಿನಲ್ಲಿ ಇಟಾಲಿಯನ್ನಿನಲ್ಲಿ ಮಾತಾಡುವಾಗಲೂ ನಡುನಡುವೆ ಆ ಪದ ಉದುರುತ್ತಿರುತ್ತದೆ. ಹೊಸ ಚಪ್ಪಲಿಗೂ ಅದೇ, ಟೊಮೆಟೊ ಸಾರಿಗೂ ಅದೇ.

ನನ್ನ ಮಗಳು ಹನ್ನೆರಡನೇ ತರಗತಿ ಮುಗಿಸುತ್ತಿದ್ದಳು. ಶಾಲೆಯಲ್ಲಿ ಫೋಟೋ ತೆಗೆಸುವ ದಿನ ಹುಡುಗಿಯರೆಲ್ಲ ಸೀರೆ ಉಟ್ಟಿದ್ದರು. ಅದನ್ನು ಮುಗಿಸಿ ಅವಳು ಮೆಟ್ರೋ ಹಿಡಿದು ನೇರ ನನ್ನ ಕಚೇರಿಗೆ ಬಂದಳು. ನೇರಳೆ ಸೀರೆ, ಬಿಟ್ಟ ಕೂದಲು. ಬಾಗಿಲಲ್ಲಿ ನಿಂತವಳನ್ನು ನೋಡಿ ನನ್ನ ಜೀವ ಒಮ್ಮೆ ಝಲ್ಲೆಂದಿತು. ನಾನು ಬಾಯಿ ತೆರೆಯುವ ಮೊದಲೇ ಇಟಲಿಯವಳು ಎದ್ದು ಚಪ್ಪಾಳೆ ತಟ್ಟಿ, ಇಡೀ ಆಫೀಸಿಗೆ ಕೇಳುವಂತೆ ಆ ಪದ ಕೂಗಿದಳು.

ನನಗೆ ಪಿತ್ತ ನೆತ್ತಿಗೇರಿತು. ಅವಳಿನ್ನೂ ಶಾಲೆಯ ಮಗು, ನಾಲಿಗೆ ಹಿಡಿತದಲ್ಲಿರಲಿ ಎಂದು ಎಲ್ಲರೆದುರೇ ರೇಗಿದೆ. ಇಟಲಿಯವಳ ಮುಖ ಬಿಳುಚಿಕೊಂಡಿತು. "ನಮ್ಮಲ್ಲಿ ಅಜ್ಜಿಯಂದಿರೂ ಹೇಳುತ್ತಾರೆ, ಚೆನ್ನಾಗಿದ್ದಾಳೆ ಅಂತಷ್ಟೇ," ಎಂದಳು. ನಾನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಚೀಲ ತೆಗೆದುಕೊಂಡು ಮಗಳನ್ನು ಎಳೆದುಕೊಂಡೇ ಹೊರಟೆ.

ಮೆಟ್ರೋದ ಹೆಂಗಸರ ಬೋಗಿಯಲ್ಲಿ ಕಂಬಿ ಹಿಡಿದು ನಿಂತ ಮಗಳು ಅಳುತ್ತಿದ್ದಳು.

"ಎಂತಕ್ಕೆ ಅಳುದು? ನಾನು ಬೈದದ್ದು ಅವಳಿಗಲ್ಲವಾ?"

"ಶೀ ವಾಸ್ ದಿ ಓನ್ಲಿ ಒನ್, ಅಮ್ಮ. ಒಬ್ಬಳು ಹೇಳಿದ್ದು. ಅದನ್ನೂ ನೀನು ಹಾಳು ಮಾಡಿದೆ. ಯು ಕಾಲ್ ಮಿ ಕಾಗೆ. ಮಂಗ. ಎವ್ರಿ ಡೇ. ಐ ನೋ ಐ ಆಮ್ ಅಗ್ಲಿ, ಓಕೆ?"

ನಾನು ದಂಗಾದೆ. ಕಾಗೆ ಎನ್ನುವುದು ಮುದ್ದಿನ ಮಾತಲ್ಲವೇ? ನಮ್ಮ ಕರಾವಳಿಯಲ್ಲಿ ಹೆತ್ತವರು ಮಕ್ಕಳನ್ನು ಮುಖದೆದುರು ಚಂದ ಎನ್ನುವುದಿಲ್ಲ, ದೃಷ್ಟಿ ತಾಗುತ್ತದೆ. ಎಷ್ಟು ಚಂದವೋ ಅಷ್ಟು ಕೆಟ್ಟ ಹೆಸರಿಟ್ಟು ಕರೆಯುತ್ತಾರೆ. ನನ್ನಮ್ಮನಿಗೆ ನಾನು ಗೂಬೆ, ನನ್ನ ತಂಗಿ ಹೆಗ್ಗಣ. ನಮಗೇನೂ ನೋವಾಗುತ್ತಿರಲಿಲ್ಲ, ಯಾಕೆಂದರೆ ಓಣಿ ತುಂಬ ಅದೇ ಲೆಕ್ಕಾಚಾರ. ಎದುರುಮನೆಯ ಗಿಣಿಯಂಥ ಹುಡುಗಿಯ ಹೆಸರು ಕಂಬಳಿಹುಳ ಎಂದಿತ್ತು. ಅಲ್ ಬರ್ಷಾದ ಫ್ಲಾಟಿನಲ್ಲಿ ನಾವು ಮೂವರೇ. ಎದುರುಬಾಗಿಲಿನವರ ಮುಖ ಕಾಣುವುದು ಲಿಫ್ಟಿನಲ್ಲಿ. ಇಲ್ಲಿ ಬೆಳೆದ ಹುಡುಗಿಗೆ ಕಾಗೆ ಎಂದರೆ ಕಾಗೆಯೇ.

ಬೋಗಿಯಲ್ಲಿ ನಿಂತೇ ಇದನ್ನೆಲ್ಲ ಹೇಳಿದೆ. ಅವಳು ಮೂಗೊರೆಸಿಕೊಂಡು, "ಸೋ ಯು ಲೈಡ್ ಫಾರ್ ಮೈ ಹೆಲ್ತ್?" ಎಂದಳು. ನಗುತ್ತಾಳೇನೋ ಎಂದುಕೊಂಡೆ, ನಗಲಿಲ್ಲ. ಬೀಳ್ಕೊಡುಗೆ ಪಾರ್ಟಿಗೆ ತಾನು ಹೋಗುವುದೇ ಇಲ್ಲ, ಖಲಾಸ್, ಎಂದಳು. ವರ್ಷವಿಡೀ ಕಾದಿದ್ದ ಪಾರ್ಟಿ ಅದು.

ಮನೆಗೆ ಬಂದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸ್ಟವ್ ಹಚ್ಚಿ ಯಾಕೆ ಹಚ್ಚಿದೆ ಎಂದು ಮರೆತೆ. ಗಂಡ ರಾಸ್ ಅಲ್ ಖೋರ್‌ನ ಗ್ಯಾರೇಜೊಂದರಲ್ಲಿ ಬಿಡಿಭಾಗಗಳ ಕೌಂಟರ್ ನೋಡಿಕೊಳ್ಳುತ್ತಾರೆ. ಸಂಜೆ ಬಂದವರು ಎಲ್ಲ ಕೇಳಿ, "ಚಂದ ಇದ್ದೀ ಅಂತ ಹೇಳಿಬಿಡು ಮಾರಾಯ್ತಿ, ಅದಕ್ಕೆಂತ ತೆರಿಗೆ ಉಂಟಾ?" ಎಂದರು.

ಅವರಿಗೇನು, ಹೇಳುವುದು ಸುಲಭ. ಅವಳು ಸಣ್ಣವಳಿದ್ದಾಗ ಒಂದು ಸಲ ಪಾರ್ಕಿನಲ್ಲಿ ಗೆಳತಿಯೆದುರು ಬಾಯಿ ಜಾರಿ, ನನ್ನ ಮಗಳಷ್ಟು ಚಂದದ ಮಗು ಇಲ್ಲಿ ಯಾವುದೂ ಇಲ್ಲ ಎಂದಿದ್ದೆ. ಆ ವಾರವೇ ನ್ಯುಮೋನಿಯಾ. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಕೂತು, ಇನ್ನು ಈ ಬಾಯಲ್ಲಿ ಆ ಮಾತು ಬಾರದು ಎಂದುಕೊಂಡಿದ್ದೆ. ಎರಡಕ್ಕೂ ಸಂಬಂಧವಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದೂ ಹೆದರಿಕೆ ಹೋಗುವುದಿಲ್ಲ.

ಆದರೂ ಹಾಲಿನ ಲೋಟ ಹಿಡಿದು ಅವಳ ಕೋಣೆಗೆ ಹೋದೆ. "ನೀನು ಚಂದವೇ ಇದ್ದೀ," ಎಂದೆ. ಸಾಮಾನಿನ ಪಟ್ಟಿ ಓದಿದ ಹಾಗೆ ಇತ್ತು ನನ್ನ ದನಿ. ಅವಳು ಫೋನಿನಿಂದ ತಲೆಯೆತ್ತದೆ, "ಪಪ್ಪ ಹೇಳಿ ಕಳಿಸಿದ್ರಾ?" ಎಂದಳು.

ಪಾರ್ಟಿಯ ದಿನ ನನಗೆ ರಜೆ, ಗಂಡನಿಗೆ ಕೆಲಸ. ಮಧ್ಯಾಹ್ನ ಕಳೆದರೂ ಮಗಳ ಕೋಣೆಯ ಬಾಗಿಲು ಮುಚ್ಚಿಯೇ ಇತ್ತು. ಆಮೇಲೆ ಒಳಗೆ ಹೇರ್‌ಡ್ರೈಯರ್ ಸದ್ದು ಶುರುವಾಯಿತು. ಹೊರಡುತ್ತಿದ್ದಾಳೋ, ಬರೀ ತಲೆಸ್ನಾನ ಮಾಡಿದ್ದಾಳೋ? ತಡೆಯಲಾಗದೆ ಬಾಗಿಲು ಒಂದು ಗೇಣು ಸರಿಸಿದೆ. ಸೀರೆ ಉಟ್ಟು, ಕೂದಲು ಒಣಗಿಸುತ್ತ ಕನ್ನಡಿಯೆದುರು ನಿಂತಿದ್ದಳು. "ಜಸ್ಟ್ ಟ್ರೈಯಿಂಗ್. ಐ ಆಮ್ ನಾಟ್ ಗೋಯಿಂಗ್," ಎಂದಳು, ಕಣ್ಣು ಕೆಂಪಾಗಿತ್ತು. ಗೆಳತಿಯ ಕಾರು ಕೆಳಗೆ ಬರುವ ಹೊತ್ತಾಗಿತ್ತು.

ನಾನು ಪ್ಯಾಸೇಜಿನಲ್ಲಿ ಅತ್ತಿಂದಿತ್ತ ನಡೆಯುತ್ತ ಗಂಡನಿಗೆ ಫೋನು ಮಾಡಿದೆ, ದೂರು ಹೇಳಲೆಂದೇ. ಸೀರೆ ಉಟ್ಟು ಹೋಗುವುದಿಲ್ಲ ಅಂತ ನಿಂತಿದ್ದಾಳೆ, ನೀವೇ ಮಾತಾಡಿ ಎಂದೆ. ಅವರ ಹಿಂದೆ ಗ್ಯಾರೇಜಿನ ಗ್ರೈಂಡರ್ ಕಿರ್ರನೆ ಅರಚುತ್ತಿತ್ತು.

"ಹೇಗೆ ಕಾಣ್ತಾಳೆ?" ಎಂದು ಕೇಳಿದರು.

"ಚಂದ ಕಾಣ್ತಾಳೆ," ಎಂದೆ, ಗಾಳಿಗೂ ಗೊತ್ತಾಗದಷ್ಟು ಮೆಲ್ಲಗೆ.

"ಎಂತ? ಕೇಳುದಿಲ್ಲ. ಜೋರು ಹೇಳು."

"ಚಂದ ಕಾಣ್ತಾಳೆ!"

"ಎಂತ ಮಾರಾಯ್ತಿ?"

ಆಸ್ಪತ್ರೆಯ ಮಂಚ ಕಣ್ಣೆದುರು ಬಂತು. ಬಂದರೆ ಬರಲಿ ಎಂದು ಕೂಗಿದೆ. "ನಿಮ್ಮ ಮಗಳು ಚಂದ ಕಾಣ್ತಾಳೆ! ನೋಡಿದ್ರೆ ನನಗೆ ಉಸಿರೇ ಕಟ್ತದೆ! ಇಷ್ಟು ಚಂದ ನಾನು ಹೆತ್ತದ್ದಾ ಅಂತ ನನಗೇ ನಂಬ್ಲಿಕ್ಕೆ ಆಗುದಿಲ್ಲ!"

ಕೋಣೆಯೊಳಗೆ ಹೇರ್‌ಡ್ರೈಯರ್ ನಿಂತಿತು.

"ಕೇಳಿತು, ಕೇಳಿತು," ಎಂದರು ಗಂಡ.

ನಾನು ಇನ್ನೊಮ್ಮೆ ಹೇಳಿದೆ.